ಮಂಡಿ ಇಂಜೆಕ್ಷನ್ನೂ ಮೈಕ್ರೋಸ್ಕೋಪ್ ಕೋರ್ಸೂ

ರಮ್ಯಾ: ಬೆಂಗಳೂರು ಮೈಕ್ರೋಸ್ಕೋಪಿ ಕೋರ್ಸಿನ ಪೋಸ್ಟರ್ ಹಾಕಿದ್ದೀನಿ, ಎನ್‌ಸಿಬಿಎಸ್ ಅನ್ನೋ ಸರ್ಕಾರಿ ಜೀವವಿಜ್ಞಾನ ಸಂಸ್ಥೇಲಿ ನಡೆಯೋದು. ಮೈಕ್ರೋಸ್ಕೋಪಲ್ಲಿ ಸೆಲ್, ಅಂದ್ರೆ ಜೀವಕೋಶ, ನೋಡಿ ಚಿತ್ರ ತೆಗೆಯೋದು ಕಲಿಸ್ತಾರೆ. ನಮ್ಮವರಲ್ಲಿ ಯಾರಾದ್ರೂ ಬಯಾಲಜಿ ಪಿಎಚ್‌ಡಿ ಮಾಡ್ತಿದ್ರೆ ದಯವಿಟ್ಟು ಅರ್ಜಿ ಹಾಕಿಸಿ.

ಸೀನು ಚಿಕ್ಕಪ್ಪ: ಫೋಟೋ ತೆಗೆಯೋಕೂ ಕೋರ್ಸಾ ಪುಟ್ಟಿ? ಸ್ಟೆಮ್ ಸೆಲ್‌ಗೆ, ಅದೇ ಬೇರೆ ಬೇರೆ ಥರದ ಸೆಲ್ ಆಗಬಲ್ಲ ಮೂಲ ಸೆಲ್‌ಗೆ, ನೊಬೆಲ್ ಬಂದಿದ್ದು 2012ರಲ್ಲಿ. ಇಲ್ಲಿ ಕ್ಲಿನಿಕ್‌ನೋರು ನಿಮ್ಮ ಚಿಕ್ಕಮ್ಮನ ಮಂಡಿಗೆ ಅದನ್ನೇ ಚುಚ್ತೀವಿ ಅಂತಿದ್ದಾರೆ. ನೀವಿನ್ನೂ ಸೆಲ್ ನೋಡ್ತಾ ಕೂತಿದ್ದೀರಿ, ಅದೂ ಸರ್ಕಾರದ ದುಡ್ಡಲ್ಲಿ.

ಪ್ರಸನ್ನ: ಈಗಿನ ಮಷೀನೆಲ್ಲ ಆಟೋಮ್ಯಾಟಿಕ್ ಅಲ್ವಾ ರಮ್ಯಕ್ಕ?

ರಮ್ಯಾ: ತೊಂದರೆ ಇರೋದೇ ಅಲ್ಲಿ ಕಣೋ. ಬಟನ್ ಒತ್ತಿದ್ರೆ ಚಿತ್ರ ಬಂದೇ ಬರುತ್ತೆ, ನಿಜವೋ ಸುಳ್ಳೋ ಅದು ಹೇಳಲ್ಲ.
2014ರ ಜನವರಿ. ಜಪಾನಿನ ರಿಕೆನ್ ಸಂಸ್ಥೆಯಿಂದ ನೇಚರ್ ಪತ್ರಿಕೇಲಿ ಎರಡು ಪ್ರಬಂಧ ಬಂತು. ಇಲಿಯ ಸೆಲ್‌ಗಳನ್ನ ದುರ್ಬಲ ಆಮ್ಲದಲ್ಲಿ ಸ್ವಲ್ಪ ಹೊತ್ತು ಇಟ್ರೆ ಸಾಕು, ಸ್ಟೆಮ್ ಸೆಲ್ ಆಗ್ತವೆ ಅಂತ. ಹಾಗೆ ಆದ್ರೆ ಹಸಿರು ಪ್ರೋಟೀನ್ ಹೊಳೆಯೋ ರೀತಿ ಆ ಇಲಿಗಳನ್ನ ಮಾರ್ಪಡಿಸಿದ್ರು. ಮೈಕ್ರೋಸ್ಕೋಪಲ್ಲಿ ಹಸಿರು ಕಾಣಿಸ್ತು, ಪ್ರಪಂಚವೆಲ್ಲ ಸುದ್ದಿ. ಬೇರೆಯವರು ಮಾಡಿ ನೋಡಿದ್ರೆ, ಸಾಯ್ತಿರೋ ಸೆಲ್‌ಗಳು ತಾವಾಗೇ ಹೊಳೀತಿದ್ವು! ಚಿತ್ರ ತಿರುಚಿದ್ದೂ ತನಿಖೇಲಿ ಸಿಕ್ತು. ಜುಲೈಗೆ ಎರಡೂ ಪ್ರಬಂಧ ವಾಪಸ್.

ಪ್ರಸನ್ನ: ಮತ್ತೆ ನಿಜವಾದ ಹಸಿರು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ರಮ್ಯಾ: ಕೆಂಪು ಫಿಲ್ಟರಲ್ಲೂ ನೋಡ್ಬೇಕು. ಆ ಪ್ರೋಟೀನ್ ಅಲ್ಲಿ ಕಾಣಲ್ಲ, ಸಾಯೋ ಸೆಲ್ ಅಲ್ಲೂ ಹೊಳೆಯುತ್ತೆ. ಪ್ರೋಟೀನೇ ಇಲ್ಲದ ಸೆಲ್‌ನ ಚಿತ್ರವನ್ನೂ ಅದೇ ಸೆಟ್ಟಿಂಗಲ್ಲಿ ತೆಗೀಬೇಕು. ಜೀವಂತ ಸೆಲ್ ಆದ್ರೆ ಇನ್ನೂ ಕಷ್ಟ. 37 ಡಿಗ್ರಿ ಬಿಸಿ, ಶೇ. 5 ಕಾರ್ಬನ್ ಡೈಆಕ್ಸೈಡ್ ಕೊಟ್ಟು ರಾತ್ರಿಯಿಡೀ ನೋಡ್ತೀವಿ. ಚಿತ್ರ ಚೆನ್ನಾಗಿ ಬರಲಿ ಅಂತ ಲೇಸರ್ ಏರಿಸಿದ್ರೋ, ಬೆಳಗಾಗೋಷ್ಟರಲ್ಲಿ ಸೆಲ್ ಗುಂಡಗಾಗಿ ಸತ್ತಿರುತ್ತೆ. ಪಕ್ಕದಲ್ಲಿ ನಿಂತು ಕಲಿಸೋರು ಬೇಕು ಇದಕ್ಕೆ.

ಸೀನು ಚಿಕ್ಕಪ್ಪ: ಅದೆಲ್ಲ ಇಲಿ ವಿಚಾರ. ನೋವು ತಿನ್ನೋರು ಇನ್ನೆಷ್ಟು ವರ್ಷ ಕಾಯ್ಬೇಕು? ಪಕ್ಕದ ಮನೆಯವರು ಹಾಕಿಸ್ಕೊಂಡು ಆರಾಮಾಗಿ ಓಡಾಡ್ತಿದ್ದಾರೆ.

ರಮ್ಯಾ: ಅವರು ಓಡಾಡ್ತಿರೋದು ಸಂತೋಷ ಚಿಕ್ಕಪ್ಪ. ಆದ್ರೆ ಮಂಡಿಯೊಳಗೆ ಹೋದ ಸೆಲ್ ಉಳೀತಾ, ಸತ್ತೋಯ್ತಾ, ಬೇರೇನೋ ಆಯ್ತಾ, ಯಾರು ನೋಡಿದ್ರು? ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಓದಿ. ರಕ್ತದ ಕಾಯಿಲೆಗಳಿಗೆ ಮಾಡೋ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ರೆ ಮಿಕ್ಕಿದ್ದೆಲ್ಲ ಪ್ರಯೋಗವೇ ಅಂತ ಅದರಲ್ಲಿತ್ತು. ಪ್ರಯೋಗಕ್ಕೆ ರೋಗಿ ಹತ್ರ ದುಡ್ಡು ಕೇಳೋ ಹಾಗಿಲ್ಲ. ನಿಮ್ಮ ಹತ್ರ ಎಷ್ಟು ಕೇಳಿದ್ದಾರೆ?

ಗೀತಾ ಚಿಕ್ಕಮ್ಮ: ಒಂದು ಮಂಡಿಗೆ ಒಂದೂವರೆ ಲಕ್ಷ ಕಣೇ. ಸೋಮವಾರ ಅಡ್ವಾನ್ಸ್ ಕಟ್ಬೇಕಂತೆ.

ಸೀನು ಚಿಕ್ಕಪ್ಪ: ಅದನ್ನ ಇಲ್ಲಿ ಯಾಕೆ ಹಾಕಿದೆ ಗೀತಾ?

ರಮ್ಯಾ: ಚಿಕ್ಕಮ್ಮ, ಸೋಮವಾರ ಕಟ್ಬೇಡಿ, ನಿಮ್ಮ ದಮ್ಮಯ್ಯ. ಪ್ರಯೋಗದ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೊಡಿ ಅಂತ ಕೇಳಿ, ಅದು ದೇಶದಲ್ಲಿ ನಡೆಯೋ ಚಿಕಿತ್ಸಾ ಪ್ರಯೋಗಗಳ ಸರ್ಕಾರಿ ಪಟ್ಟಿ. ಕೊಟ್ರೆ ನನಗೆ ಕಳಿಸಿ, ಹುಡುಕಿ ಹೇಳ್ತೀನಿ.

ಸೀನು ಚಿಕ್ಕಪ್ಪ: ಸಂಖ್ಯೆ ನಾನೇ ಕೇಳ್ತೀನಿ. ಕೋರ್ಸ್ ವಿಷಯ ಮಾತ್ರ ನಾನಿನ್ನೂ ಒಪ್ಪಿಲ್ಲ.

ಪ್ರಸನ್ನ: ನನ್ನ ಫ್ರೆಂಡ್ ತಂಗಿ ಮಣಿಪಾಲದಲ್ಲಿ ಪಿಎಚ್‌ಡಿ ಮಾಡ್ತಿದ್ದಾಳೆ, ಪೋಸ್ಟರ್ ಅವಳಿಗೆ ಕಳಿಸ್ದೆ.