ಮಾಲಗಾವೋ ವಲೆನ್ಸಿಯಾವೋ: ಏಳು ಮತ್ತು ನಾಲ್ಕು ವರ್ಷದ ಮಕ್ಕಳೊಂದಿಗೆ ಸ್ಪೇನ್ ಕರಾವಳಿಗೆ

ಶರಾವತಿ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಪತಿ ಕೆಲಸ ಮಾಡುತ್ತಿರುವ ಸಾಫ್ಟ್‌ವೇರ್ ಸಂಸ್ಥೆಯು ಅವರನ್ನು ಮುಂದಿನ ಜನವರಿಯಿಂದ ಸ್ಪೇನಿಗೆ ಕಳುಹಿಸಲು ನಿರ್ಧರಿಸಿದ್ದು, ಮೆಡಿಟರೇನಿಯನ್ ಕರಾವಳಿಯ ಮಾಲಗಾ ಮತ್ತು ವಲೆನ್ಸಿಯಾಗಳ ಪೈಕಿ ಯಾವ ಊರು ಬೇಕೆಂಬುದನ್ನು ನಮಗೇ ಬಿಟ್ಟಿದೆ. ಉನ್ನತ ಅರ್ಹತೆಯ ನೌಕರರಿಗೆ ಕೊಡುವ ಪರವಾನಗಿಯಾದ್ದರಿಂದ ಕುಟುಂಬದವರ ಅರ್ಜಿಯನ್ನೂ ಜೊತೆಯಲ್ಲೇ ಸಲ್ಲಿಸಬಹುದು, ನನಗೂ ಅಲ್ಲಿ ಕೆಲಸ ಮಾಡಲು ಅವಕಾಶವಿರುತ್ತದೆ ಎಂದು ವಕೀಲರು ಹೇಳಿದ್ದಾರೆ. ಹಾಗಾಗಿ ವೀಸಾದ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ. ಚಿಂತೆಯಿರುವುದು ಮಕ್ಕಳ ಬಗ್ಗೆ.

ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮಗಳು ಇಲ್ಲಿ ಎರಡನೆಯ ತರಗತಿಯಲ್ಲಿದ್ದಾಳೆ; ಕನ್ನಡ ಓದುವುದನ್ನು ಈಗಷ್ಟೇ ಕಲಿತಿದ್ದಾಳೆ, ಒತ್ತಕ್ಷರ ಬಂದಲ್ಲಿ ಇನ್ನೂ ತಡವರಿಸುತ್ತಾಳೆ. ಸ್ಪ್ಯಾನಿಷ್ ನಮ್ಮಲ್ಲಿ ಯಾರಿಗೂ ಒಂದಕ್ಷರವೂ ಬಾರದು. ಅವಳನ್ನು ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿದರೆ ಎಷ್ಟು ಕಾಲ ಮೂಕಿಯಂತೆ ಕುಳಿತಿರಬೇಕಾದೀತು ಎಂಬ ಭಯ ಒಂದು ಕಡೆ, ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ಶಾಲೆಗೆ ಸೇರಿಸಿದರೆ ಆ ದೇಶದಲ್ಲಿದ್ದೂ ಹೊರಗಿನವಳಾಗಿಯೇ ಉಳಿದುಬಿಡುತ್ತಾಳೆಂಬ ಅಳುಕು ಇನ್ನೊಂದು ಕಡೆ. ಇಲ್ಲಿನ ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ನಾನೂ ಮಕ್ಕಳೂ ಬೆಂಗಳೂರಿನಲ್ಲೇ ಉಳಿದು ಏಪ್ರಿಲ್‌ನಲ್ಲಿ ಹೊರಡುವುದು ಸರಿಯೇ? ನಾವು ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಅಲ್ಲಿ ಮಕ್ಕಳೊಂದಿಗೆ ಬದುಕಿದ ಅನುಭವವಿರುವವರು ದಯವಿಟ್ಟು ಬರೆಯಬೇಕು.

ಪೆದ್ರೆಗಲೆಹೊ ನಿವಾಸಿ

ನಾವು ಮಾಲಗಾಕ್ಕೆ ಬಂದಾಗ ನನ್ನ ಮಕ್ಕಳಿಗೆ ಆರು ಮತ್ತು ಮೂರು ವರ್ಷವಾಗಿತ್ತು. ಈಗ ನಾಲ್ಕು ವರ್ಷ ಕಳೆದಿದೆ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನವರು ತಪ್ಪುವುದು ಅಲ್ಲಿಯೇ. ವಾರ್ಷಿಕ ಪರೀಕ್ಷೆಗಾಗಿ ಕಾಯಬೇಡಿ. ಸ್ಪೇನಿನಲ್ಲಿ ಈ ವಯಸ್ಸಿನ ಮಗು ಯಾವ ತರಗತಿಗೆ ಹೋಗಬೇಕೆಂಬುದನ್ನು ಸಾಮಾನ್ಯವಾಗಿ ಅದು ಹುಟ್ಟಿದ ವರ್ಷ ನಿರ್ಧರಿಸುತ್ತದೆಯೇ ಹೊರತು ಹಿಂದಿನ ತರಗತಿಯ ಅಂಕಪಟ್ಟಿಯಲ್ಲ. ಒಂದೇ ವರ್ಷದ ಜನವರಿಯಲ್ಲಿ ಹುಟ್ಟಿದ ಮಗುವೂ ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವೂ ಒಂದೇ ತರಗತಿಯಲ್ಲಿರುತ್ತವೆ. ನನ್ನ ಮಗ ನವೆಂಬರ್‌ನಲ್ಲಿ ಹುಟ್ಟಿದವನಾದ್ದರಿಂದ ಇಲ್ಲಿ ಅವನು ಬೆಂಗಳೂರಿನ ಜೊತೆಗಾರರಿಗಿಂತ ಒಂದು ತರಗತಿ ಮುಂದೆ ಹೋಗಬೇಕಾಯಿತು, ಅದಕ್ಕೆ ನಾವು ಸಿದ್ಧರಿರಲಿಲ್ಲ.

ಶಾಲಾ ವರ್ಷ ಇಲ್ಲಿ ಸೆಪ್ಟೆಂಬರ್‌ನಿಂದ ಜೂನ್‌ವರೆಗೆ. ಮುಂದಿನ ಸೆಪ್ಟೆಂಬರ್‌ಗೆ ಬೇಕಾದ ಸೀಟಿಗಾಗಿ ಮಾಲಗಾ ಇರುವ ಆಂದಲುಸಿಯಾ ಪ್ರಾಂತದಲ್ಲಿ ಅರ್ಜಿ ಹಾಕಬೇಕಾದದ್ದು ಮಾರ್ಚ್ ತಿಂಗಳಿನಲ್ಲಿ, ಮನೆ ಶಾಲೆಗೆ ಎಷ್ಟು ಹತ್ತಿರವಿದೆ ಎಂಬುದಕ್ಕೆ ಅಂಕಗಳಿರುತ್ತವೆ. ನೀವು ಜನವರಿಯಲ್ಲೇ ಎಲ್ಲರೂ ಬಂದರೆ, ವರ್ಷದ ನಡುವೆ ಖಾಲಿಯಿರುವ ಯಾವುದೋ ಒಂದು ಶಾಲೆಯಲ್ಲಿ ಮಕ್ಕಳಿಗೆ ಸೀಟು ಸಿಗುತ್ತದೆ. ಅದು ನಿಮಗೆ ಇಷ್ಟವಾದ ಶಾಲೆಯಾಗಿರಲಾರದು. ಆದರೆ ಮಾರ್ಚ್‌ನಲ್ಲಿ ಸ್ವಂತ ವಿಳಾಸದಿಂದ, ಶಾಲೆಗಳನ್ನು ಕಣ್ಣಾರೆ ನೋಡಿ, ಅರ್ಜಿ ಹಾಕಬಹುದು. ಏಪ್ರಿಲ್‌ನಲ್ಲಿ ಬಂದರೆ ಆ ಅವಕಾಶ ತಪ್ಪಿ, ಎಲ್ಲರೂ ಆರಿಸಿಕೊಂಡು ಉಳಿದ ಸೀಟುಗಳ ಮುಂದೆ ನಿಲ್ಲಬೇಕಾಗುತ್ತದೆ. ಅಲ್ಲದೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಎರಡನೆಯ ವಾರದವರೆಗೆ ಬೇಸಿಗೆ ರಜೆ. ಏಪ್ರಿಲ್‌ನಲ್ಲಿ ಬಂದ ಮಗು ಭಾಷೆಯ ರುಚಿ ಹತ್ತುವ ಹೊತ್ತಿಗೆ ಮನೆಯಲ್ಲಿ ಕುಳಿತಿರುತ್ತದೆ.

ಶಾಲೆಗೂ ಆರೋಗ್ಯ ಕೇಂದ್ರಕ್ಕೂ ಮೊದಲು ಬೇಕಾದದ್ದು 'ಎಂಪದ್ರೊನಾಮಿಯೆಂತೊ', ಅಂದರೆ ನೀವು ಈ ವಿಳಾಸದಲ್ಲಿ ವಾಸವಾಗಿದ್ದೀರಿ ಎಂದು ನಗರಸಭೆಯಲ್ಲಿ ಮಾಡಿಸುವ ನೋಂದಣಿ. ಅದಕ್ಕೆ ಬಾಡಿಗೆ ಕರಾರು ಪತ್ರ ಬೇಕು, ಮತ್ತು ನಾವು ಪೆಟ್ಟು ತಿಂದದ್ದು ಇಲ್ಲಿಯೇ. ಅವಸರದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಮನೆಯೊಂದನ್ನು ಹನ್ನೊಂದು ತಿಂಗಳ 'ತೆಂಪೊರಾದಾ', ಅಂದರೆ ತಾತ್ಕಾಲಿಕ ವಾಸದ, ಕರಾರಿನ ಮೇಲೆ ಹಿಡಿದೆವು. ಮನೆಯ ಮಾಲೀಕರು ಆ ವಿಳಾಸದಲ್ಲಿ ನೋಂದಣಿ ಮಾಡಿಸಲು ಒಪ್ಪಲಿಲ್ಲ, ಬೇಸಿಗೆ ಬರುತ್ತಲೇ ಪ್ರವಾಸಿಗರಿಗೆ ಕೊಡಬೇಕೆಂದು ಬಿಡಿಸಿದರು. ಸಾಧಾರಣ ವಾಸದ ಕರಾರಾದರೆ ಕಾನೂನಿನ ಪ್ರಕಾರ ಬಾಡಿಗೆದಾರನಿಗೆ ಐದು ವರ್ಷದವರೆಗೆ ಇರುವ ಹಕ್ಕಿರುತ್ತದೆ (ಮಾಲೀಕರು ಕಂಪನಿಯಾಗಿದ್ದರೆ ಏಳು ವರ್ಷ), ಕಾನೂನುಬದ್ಧ ಠೇವಣಿ ಒಂದು ತಿಂಗಳ ಬಾಡಿಗೆ, ಅದರ ಮೇಲೆ ಹೆಚ್ಚೆಂದರೆ ಎರಡು ತಿಂಗಳಷ್ಟು ಹೆಚ್ಚುವರಿ ಭದ್ರತೆ ಕೇಳಬಹುದು. 2023ರ ವಸತಿ ಕಾನೂನಿನ ನಂತರ ದಲ್ಲಾಳಿಯ ಶುಲ್ಕವನ್ನೂ ಮಾಲೀಕರೇ ಕೊಡಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದ ನಮಗೆ ಇದು ಸ್ವರ್ಗವೆನಿಸುತ್ತದೆ. ಆದರೆ ಈ ರಕ್ಷಣೆ ತಾತ್ಕಾಲಿಕ ಕರಾರಿಗೆ ಅನ್ವಯಿಸುವುದಿಲ್ಲ, ಕರಾವಳಿಯ ಮನೆಗಳಲ್ಲಿ ಅನೇಕವು ಬರುವುದು ಅದೇ ಹೆಸರಿನಲ್ಲಿ.

ಇನ್ನು ಮಗಳು ಮೂಕಿಯಂತೆ ಕುಳಿತುಕೊಳ್ಳುವ ವಿಚಾರ. ನನ್ನ ಮಗ ಮೊದಲ ನಾಲ್ಕು ತಿಂಗಳು ಶಾಲೆಯಲ್ಲಿ ಮಾತನಾಡಲಿಲ್ಲ, ಐದನೆಯ ತಿಂಗಳಿನಲ್ಲಿ ಫುಟ್‌ಬಾಲ್ ಆಡುವಾಗ ಕಿರುಚಿದ್ದೇ ಅವನ ಮೊದಲ ಸ್ಪ್ಯಾನಿಷ್ ವಾಕ್ಯ. ಸರ್ಕಾರಿ ಶಾಲೆಗಳಿಗೆ ಹೊಸದಾಗಿ ಬಂದ ಮಕ್ಕಳಿಗಾಗಿ 'ಅತಾಲ್' ಎಂಬ ಭಾಷಾ ತರಗತಿಗಳಿವೆ, ಎಲ್ಲ ಶಾಲೆಗಳಲ್ಲೂ ಇಲ್ಲ. ಸೀಟು ಕೇಳುವ ಮುನ್ನ ಅದನ್ನು ವಿಚಾರಿಸಿ. ಪಠ್ಯಪುಸ್ತಕಗಳನ್ನು ಶಾಲೆಯೇ ಉಚಿತವಾಗಿ ಎರವಲು ಕೊಡುತ್ತದೆ. ಶಾಲೆ ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ. ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಅನೇಕ ಶಾಲೆಗಳಲ್ಲಿ ಏಳೂವರೆಯಿಂದಲೇ ಬೆಳಗಿನ ಕೊಠಡಿ, ಮಧ್ಯಾಹ್ನದ ಊಟದ ಮನೆ, ಸಂಜೆ ಆರರವರೆಗೆ ಚಟುವಟಿಕೆಗಳೂ ಇವೆ.

ಊಟದ ಮನೆಯ ಬಗ್ಗೆ ಒಂದು ಮಾತು. ಇಲ್ಲಿ 'ಮಾಂಸವಿಲ್ಲ' ಎಂದರೆ ಸಾಲದು. ಹಂದಿ ತೊಡೆಯ ಹಮೋನ್ ಮತ್ತು ಡಬ್ಬಿಯ ಟ್ಯೂನಾ ಮೀನನ್ನು ಬಹಳಷ್ಟು ಜನ ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ, ಬೇಳೆಯ ಸಾರಿನಲ್ಲಿ ಚೊರಿಸೊ ಎಂಬ ಹಂದಿ ಮಾಂಸದ ಸಾಸೇಜಿನ ತುಂಡು ಇರುವುದು ಸಾಮಾನ್ಯ. ಮಾಂಸ, ಮೀನು, ಹಮೋನ್, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ ಬರೆದುಕೊಡಿ. ಮೊಟ್ಟೆಯೂ ಬೇಡವೆಂದರೆ ಅಡುಗೆಯವರ ಮುಖ ಸಪ್ಪಗಾಗುತ್ತದೆ. ನಾನು ಎರಡು ವರ್ಷ ಮಕ್ಕಳನ್ನು ಎರಡು ಗಂಟೆಗೇ ಕರೆತಂದು ಮನೆಯಲ್ಲೇ ಅನ್ನ ಸಾರು ಬಡಿಸಿದ್ದೇನೆ.

ಚಳಿಗಾಲದಲ್ಲಿ ಹೊರಗಿಗಿಂತ ಮನೆಯೊಳಗೇ ಹೆಚ್ಚು ಚಳಿ, ಏಕೆಂದರೆ ಬಹಳಷ್ಟು ಮನೆಗಳಲ್ಲಿ ಹೀಟರ್ ವ್ಯವಸ್ಥೆಯಿಲ್ಲ, ನೆಲವೆಲ್ಲ ಟೈಲ್ಸ್. ಜನವರಿಯಲ್ಲಿ ಬರುವವರು ಸಮುದ್ರ ತೀರವೆಂದು ನಂಬಿ ಉಣ್ಣೆಯ ಬಟ್ಟೆಗಳನ್ನು ಬಿಟ್ಟು ಬರಬೇಡಿ.

ತುರಿಯಾ ದಂಡೆ

ಮೇಲಿನವರು ಮಾಲಗಾದ ಬಗ್ಗೆ ವಿವರವಾಗಿ ಬರೆದಿದ್ದಾರೆ, ನಾನು ವಲೆನ್ಸಿಯಾದವನು. ಶಾಲೆಯ ದೃಷ್ಟಿಯಿಂದ ಎರಡು ಊರುಗಳ ನಡುವೆ ಇರುವ ದೊಡ್ಡ ವ್ಯತ್ಯಾಸವೆಂದರೆ ಭಾಷೆ. ಇಲ್ಲಿ ಸ್ಪ್ಯಾನಿಷ್ ಜೊತೆಗೆ ವಲೆನ್ಸಿಯನ್ ಕೂಡ ಅಧಿಕೃತ ಭಾಷೆ, ಶಾಲೆಗಳಲ್ಲಿ ಎರಡನ್ನೂ ಕಲಿಸುತ್ತಾರೆ. 2025ರ ಆರಂಭದಲ್ಲಿ ಪ್ರಾಂತ ಸರ್ಕಾರವು ಮಕ್ಕಳಿಗೆ ಯಾವುದು ಮೂಲ ಭಾಷೆಯಾಗಬೇಕೆಂದು ಪೋಷಕರಿಂದಲೇ ಮತ ಹಾಕಿಸಿತು, ಎರಡೂ ಭಾಷೆಗಳಿಗೆ ಹೆಚ್ಚುಕಡಿಮೆ ಸಮಸಮವಾಗಿ ಮತ ಬಿದ್ದವು. ಮಾತೃಭಾಷಾ ಮಾಧ್ಯಮದ ಜಗಳವನ್ನು ಕರ್ನಾಟಕದಲ್ಲಿ ನೋಡುತ್ತಲೇ ಬೆಳೆದ ನನಗೆ ಆ ಚರ್ಚೆಗಳು ಎಲ್ಲೋ ಕೇಳಿದಂತೆಯೇ ಅನಿಸಿದವು. ನಿಮ್ಮ ಮಗನಿಗೆ ಎರಡು ಹೊಸ ಭಾಷೆಗಳು ಭಾರವಾಗವು. ಏಳು ವರ್ಷದ ಮಗಳಿಗೆ, ಅದೂ ಇಂಗ್ಲಿಷನ್ನೂ ಕನ್ನಡವನ್ನೂ ಉಳಿಸಿಕೊಳ್ಳಬೇಕಾದವಳಿಗೆ, ಮೊದಲ ವರ್ಷ ಭಾರವಾದೀತು. ಈ ಒಂದು ಕಾರಣಕ್ಕೆ, ನನ್ನ ಊರಿನ ಮೇಲೆ ನನಗೆಷ್ಟೇ ಪ್ರೀತಿಯಿದ್ದರೂ, ನಿಮಗೆ ಮಾಲಗಾವೇ ಸುಲಭವೆಂದು ಒಪ್ಪಿಕೊಳ್ಳುತ್ತೇನೆ.

ಒಂದು ವೇಳೆ ಇಲ್ಲಿಗೇ ಬರುವುದಾದರೆ, ಮನೆ ನೋಡುವ ಮೊದಲು ನೆರೆ ನಕ್ಷೆಯನ್ನು ನೋಡಿ. 2024ರ ಅಕ್ಟೋಬರ್ 29ರಂದು ಈ ಪ್ರಾಂತದಲ್ಲಿ ಬಂದ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ನಗರದ ದಕ್ಷಿಣಕ್ಕಿರುವ ಪೈಪೋರ್ತಾ, ಕತರೋಹಾ ಮೊದಲಾದ ಊರುಗಳವರು. 1957ರ ನೆರೆಯ ನಂತರ ತುರಿಯಾ ನದಿಯನ್ನೇ ಊರಿನ ದಕ್ಷಿಣಕ್ಕೆ ತಿರುಗಿಸಿದ್ದರಿಂದ ನಗರ ಮಧ್ಯಭಾಗ ಈ ಬಾರಿ ಪಾರಾಯಿತು, ಹಳೆಯ ನದಿಪಾತ್ರ ಈಗ ಕಿಲೋಮೀಟರ್‌ಗಟ್ಟಲೆ ಉದ್ದದ ಉದ್ಯಾನವಾಗಿದೆ. ಅದರಲ್ಲಿ ಮಲಗಿರುವ ಗಲಿವರ್‌ನ ಭಾರಿ ಆಕೃತಿಯ ಮೇಲೆ ಮಕ್ಕಳು ಹತ್ತಿ ಜಾರುವುದನ್ನು ನೋಡಿದರೆ ಊರಿನ ಮೇಲಿನ ನನ್ನ ಪಕ್ಷಪಾತ ನಿಮಗೂ ಅರ್ಥವಾಗುತ್ತದೆ. ಬಾಡಿಗೆ ಕಡಿಮೆಯೆಂದು ನೆಲಮಹಡಿಯ ಮನೆಯನ್ನು ಮಾತ್ರ ಹಿಡಿಯಬೇಡಿ.

ಸ್ಪ್ಯಾನಿಷ್ ಬಗ್ಗೆ ನಿಮಗೊಂದು ಸಮಾಧಾನವಿದೆ. ಉಚ್ಚಾರದಲ್ಲಿ ಕನ್ನಡಿಗರು ಇಂಗ್ಲಿಷರಿಗಿಂತ ಎಷ್ಟೋ ಮುಂದಿರುತ್ತಾರೆ. ಅವರ ಸ್ವರಗಳು ಐದೇ, ಐದೂ ನಮ್ಮ ಅ, ಎ, ಇ, ಒ, ಉಗಳಿಗೆ ಹತ್ತಿರ. ಅವರ ತಕಾರ, ದಕಾರಗಳು ಹಲ್ಲಿಗೆ ತಾಗುವಂಥವೇ. ಅವರ 'ಎನ್ಯೆ' ಅಕ್ಷರ ನಮ್ಮ ಞಕಾರವೇ. ಇಂಗ್ಲಿಷ್ ಓದುವಾಗ ಬಳಸುವ ಟ, ಡಗಳನ್ನು ಮರೆತು ಕನ್ನಡದ ನಾಲಿಗೆಯಿಂದಲೇ ಓದಲು ಮಗಳಿಗೆ ಈಗಿನಿಂದ ಹೇಳಿಕೊಡಿ.

ಮರಳಿ ಮೈಸೂರಿಗೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮೇಲಿನ ಇಬ್ಬರೂ ಅಲ್ಲೇ ನೆಲೆಸಿದವರು, ನಾವು ಎರಡು ವರ್ಷ ಅಲಿಕಾಂತೆಯಲ್ಲಿದ್ದು ಮರಳಿ ಬಂದವರು. ಎಷ್ಟು ವರ್ಷ ಇರುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ಶಾಲೆಯ ಪ್ರಶ್ನೆಗೆ ಉತ್ತರವಿರುವುದು ಅದರಲ್ಲಿಯೇ. ನಮ್ಮ ಮಗಳು ಸರ್ಕಾರಿ ಶಾಲೆಯಲ್ಲಿ ಒಂದೂವರೆ ವರ್ಷ ಕಷ್ಟಪಟ್ಟು, ಭಾಷೆ ಕೈಹಿಡಿದು, ಗೆಳತಿಯರಾಗಿ, ಇನ್ನೇನು ಚೆನ್ನಾಗಿ ಓದುತ್ತಾಳೆ ಎನ್ನುವಾಗ ಹೊರಟು ಬಂದೆವು. ಇಲ್ಲಿ ನಾಲ್ಕನೆಯ ತರಗತಿಗೆ ಸೇರಿದಾಗ ಇಂಗ್ಲಿಷ್ ಬರವಣಿಗೆ ಹಿಂದೆ ಬಿದ್ದಿತ್ತು, ಕನ್ನಡವನ್ನು ಅಕ್ಷರಮಾಲೆಯಿಂದಲೇ ಆರಂಭಿಸಬೇಕಾಯಿತು, ಸ್ಪ್ಯಾನಿಷ್ ಒಂದು ವರ್ಷದಲ್ಲಿ ಆವಿಯಾಯಿತು. ಎರಡು ವರ್ಷಕ್ಕಾದರೆ, ಸಂಸ್ಥೆಯಿಂದ ಶುಲ್ಕ ಸಿಗುವಂತಿದ್ದರೆ, ಅಂತರರಾಷ್ಟ್ರೀಯ ಶಾಲೆಯನ್ನು ಆರಿಸುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಾಲ್ಕು ವರ್ಷವೋ ಹೆಚ್ಚೋ ಎಂದಾದರೆ ನಾನೂ ಸರ್ಕಾರಿ ಶಾಲೆ ಎನ್ನುತ್ತೇನೆ.

ಕನ್ನಡದ ವಿಷಯದಲ್ಲಿ ನಾವು ಮಾಡಿದ ತಪ್ಪು, ಮಾತನಾಡಿದರೆ ಸಾಕು ಎಂದುಕೊಂಡದ್ದು. ಮಾತು ಉಳಿಯಿತು, ಓದು ಹೋಯಿತು. ಒತ್ತಕ್ಷರದ ಹಂತದಲ್ಲಿರುವ ಮಗುವಿಗೆ ದಿನಕ್ಕೆ ಹದಿನೈದು ನಿಮಿಷ ಓದಿಸುವುದನ್ನು ವಿಮಾನ ಹತ್ತಿದ ವಾರದಲ್ಲೂ ನಿಲ್ಲಿಸಬೇಡಿ. ಆ ಹಂತದಲ್ಲಿ ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಬಹಳ ಕಷ್ಟ.

ಶರಾವತಿ ತೀರ

ಮೂವರಿಗೂ ಕೃತಜ್ಞತೆಗಳು. ಕರಾರು ಮೂರು ವರ್ಷದ್ದು, ಮುಂದುವರಿಯುವ ಸಾಧ್ಯತೆ ಹೆಚ್ಚು. ಹಾಗಾಗಿ ಮಾಲಗಾ, ಸರ್ಕಾರಿ ಶಾಲೆ, ಜನವರಿಯಲ್ಲೇ ಎಲ್ಲರೂ ಒಟ್ಟಿಗೆ ಎಂದು ಮನೆಯಲ್ಲಿ ಮಾತಾಗಿದೆ. ಅತ್ತೆಯವರಿಗೆ ಮಾತ್ರ ಪರೀಕ್ಷೆ ಬಿಡಿಸುವುದು ಇನ್ನೂ ಒಪ್ಪಿಗೆಯಾಗಿಲ್ಲ. ಈಗ ದಾಖಲೆಗಳ ಬಗ್ಗೆ ಒಂದು ಪ್ರಶ್ನೆ: ಮಕ್ಕಳ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದೆ, ಜನನ ಪ್ರಮಾಣಪತ್ರದಲ್ಲಿ ಇನಿಷಿಯಲ್ ಇದೆ. ಇದರಿಂದ ತೊಂದರೆಯಾಗುತ್ತದೆಯೇ?

ಪೆದ್ರೆಗಲೆಹೊ ನಿವಾಸಿ

ಖಂಡಿತ ಆಗುತ್ತದೆ, ಅದನ್ನು ಅಲ್ಲಿಂದಲೇ ಸರಿಪಡಿಸಿಕೊಂಡು ಬನ್ನಿ. ಸ್ಪೇನಿನಲ್ಲಿ ಪ್ರತಿಯೊಬ್ಬರಿಗೂ ಎರಡು ಕುಲನಾಮಗಳಿರುತ್ತವೆ, ಸಾಮಾನ್ಯವಾಗಿ ಮೊದಲನೆಯದು ತಂದೆಯದು, ಎರಡನೆಯದು ತಾಯಿಯದು. ಎಲ್ಲ ಅರ್ಜಿಗಳಲ್ಲೂ ಅದಕ್ಕೆ ಎರಡು ಚೌಕಗಳು. ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರಕ್ಕೂ ಒಂದೇ ಹೆಸರು ಬರುವಂತೆ ಮೊದಲು ತಿದ್ದಿಸಿ, ಆಮೇಲೆ ಹೊಸ ಪ್ರತಿ ತೆಗೆಸಿ ಅಪೊಸ್ಟಿಲ್ (ದಾಖಲೆ ವಿದೇಶದಲ್ಲಿ ಮಾನ್ಯವಾಗಲು ಬೇಕಾದ ಸರ್ಕಾರಿ ದೃಢೀಕರಣ) ಮಾಡಿಸಿ, ಕೊನೆಗೆ ಸ್ಪೇನಿನ ವಿದೇಶಾಂಗ ಸಚಿವಾಲಯ ಮಾನ್ಯ ಮಾಡಿದ ಪ್ರಮಾಣಿತ ಅನುವಾದಕರಿಂದ ಅನುವಾದ ಮಾಡಿಸಿ. ಈ ಕ್ರಮ ತಪ್ಪಿದರೆ ಎರಡೆರಡು ಸಲ ಹಣ ಕಟ್ಟಬೇಕಾಗುತ್ತದೆ. ನಿಮ್ಮ ವಿವಾಹ ಪ್ರಮಾಣಪತ್ರಕ್ಕೂ ಇದನ್ನೇ ಮಾಡಿಸಿ, ಮಕ್ಕಳ ಲಸಿಕೆ ಪುಸ್ತಕವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ನಾವು ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್‌ಗಳನ್ನು ಬಿಡಿಸಿ, ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಸರ್‌ನೇಮ್ ಜಾಗದಲ್ಲಿ ಬರೆಸಿದ್ದೆವು. ಇಲ್ಲಿನ ಗುಮಾಸ್ತರು ಅವೆರಡನ್ನೂ ನೀಟಾಗಿ ಎರಡು ಚೌಕಗಳಿಗೆ ಹಂಚಿದರು. ಅಂದಿನಿಂದ ಶಾಲೆಯ ಹಾಜರಿಯಲ್ಲಿ ನನ್ನ ಮಗನ ಮೊದಲ ಕುಲನಾಮ ಹೊಳೆನರಸೀಪುರ, ಆರೋಗ್ಯ ಕೇಂದ್ರದಲ್ಲೂ ಅದನ್ನೇ ಕೂಗಿ ಕರೆಯುತ್ತಾರೆ.