ಕೋಡ್‌ಗೆ ‘ಕೃಪೆ’ ಅಂತ ಹಾಕಿದರೆ ಸಾಕಾ? ಆಟ್ರಿಬ್ಯೂಷನ್, ಲೈಸನ್ಸ್ ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಕುಂಬಳೆ ಹತ್ತಿರ ನಮ್ಮೂರಿನ ವಾಚನಾಲಯದಲ್ಲಿ ಭಾನುವಾರ ಒಂದಷ್ಟು ಮಕ್ಕಳಿಗೆ ಪೈಥಾನ್ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಎಲ್ಲ ಕನ್ನಡ ಮೀಡಿಯಂ ಮಕ್ಕಳು. ಅವರಲ್ಲಿ ಒಬ್ಬಳು ಪದಬಂಧ ಮಾಡುವ ಪ್ರೋಗ್ರಾಂ ಬರೆದಿದ್ದಾಳೆ. ಚೆನ್ನಾಗಿಯೇ ಓಡುತ್ತದೆ. ‘ಪುಸ್ತಕ’ ಅಂತ ಕೊಟ್ಟರೆ ಪು, ಸ್ತ, ಕ ಎಂದು ಮೂರು ಮನೆಗಳಲ್ಲಿ ಸರಿಯಾಗಿ ಕೂರಿಸುತ್ತದೆ. ಸುಮ್ನೆ ಪೈಥಾನ್‌ಗೇ ಬಿಟ್ಟರೆ ಅದು ಕೊಂಬು, ಒತ್ತು ಎಲ್ಲ ಬೇರೆ ಬೇರೆ ಎಣಿಸಿ 6 ತುಂಡು ಮಾಡಿಡುತ್ತದೆ, ಕಂಪ್ಯೂಟರಿನಲ್ಲಿ ಅಕ್ಷರ ಇಡುವ ಯೂನಿಕೋಡ್ ಪದ್ಧತಿ ಇರುವುದೇ ಹಾಗೆ.

ಆದರೆ ಅಕ್ಷರ ಬಿಡಿಸುವ ಆ 20 ಸಾಲು ಅವಳದ್ದಲ್ಲ. ಸ್ಟಾಕ್ ಓವರ್‌ಫ್ಲೋ ಅನ್ನುವ, ಪ್ರೋಗ್ರಾಂ ಬರೆಯುವವರ ಪ್ರಶ್ನೋತ್ತರ ಸೈಟಿನಲ್ಲಿ ಯಾರೋ ಕೊಟ್ಟ ಉತ್ತರದಿಂದ ಎತ್ತಿದ್ದು. ಅದನ್ನು ಮುಚ್ಚಿಟ್ಟಿಲ್ಲ, ಪಾಪ. ಮೇಲೆ ಕಾಮೆಂಟ್‌ನಲ್ಲಿ ನೀಟಾಗಿ ಬರೆದಿದ್ದಾಳೆ: ‘ಕೃಪೆ: ಇಂಟರ್ನೆಟ್’. ಇದು ಸಾಲದು ಅಂದೆ. "ಕೃಪೆ ಹಾಕಿದ್ದೇನಲ್ಲ ಅಣ್ಣ, ಇನ್ನೆಂತ ಬೇಕು?" ಅಂದಳು. ಅವಳನ್ನು ಬೈದು ಪ್ರಯೋಜನ ಇಲ್ಲ, ಪೇಪರಿನಲ್ಲಿ, ಮ್ಯಾಗಜೀನಿನಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ನೋಡಿಯೇ ಬೆಳೆದ ಮಕ್ಕಳು ಇವರು. ನನಗೆ ತಲೆಗೆ ಹತ್ತಿದ್ದು ಬೇರೆ. ತಪ್ಪು ಅವಳದ್ದಾ, ಇಲ್ಲ ಆ ಪದದ್ದಾ?

ಕೃಪೆ, ಸೌಜನ್ಯ ಎರಡೂ ಮರ್ಯಾದೆಯ ಮಾತುಗಳು. ಕೇಳಿದೆ, ಕೊಟ್ಟರು, ಕೈ ಮುಗಿದೆ, ಅಷ್ಟೇ. ಕೈ ಮುಗಿಯದಿದ್ದರೂ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಕೋಡಿನ ವಿಷಯ ಹಾಗಲ್ಲ. ಸ್ಟಾಕ್ ಓವರ್‌ಫ್ಲೋದಲ್ಲಿ ಉತ್ತರ ಬರೆದವರು ಅದನ್ನು ಕ್ರಿಯೇಟಿವ್ ಕಾಮನ್ಸ್ ಬೈ-ಎಸ್ಎ ಲೈಸನ್ಸಿನಲ್ಲಿ ಕೊಟ್ಟಿರುತ್ತಾರೆ. ‘ಬೈ’ ಅಂದರೆ ಬರೆದವರ ಹೆಸರು ಹಾಕಬೇಕು, ‘ಎಸ್ಎ’ ಅಂದರೆ ಶೇರ್ ಅಲೈಕ್, ಅದನ್ನು ಆಮೇಲೆ ಹೇಳುತ್ತೇನೆ. ಹಕ್ಕು ಬರೆದವರ ಹತ್ತಿರವೇ ಇರುತ್ತದೆ, ಸೈಟಿನದ್ದಾಗುವುದಿಲ್ಲ. ಹಾಗಾಗಿ ‘ಕೃಪೆ: ಸ್ಟಾಕ್ ಓವರ್‌ಫ್ಲೋ’ ಅಂತ ಹಾಕಿದರೂ ಸಾಲದು. ಬರೆದವರ ಹೆಸರು, ಆ ಉತ್ತರದ ಕೊಂಡಿ, ಯಾವ ಲೈಸನ್ಸು, ನೀವೇನಾದರೂ ತಿದ್ದಿದ್ದೀರಾ ಎನ್ನುವುದು, ಇಷ್ಟೂ ಬೇಕು. ಇದಕ್ಕೇ ಇಂಗ್ಲಿಷಿನಲ್ಲಿ ಆಟ್ರಿಬ್ಯೂಷನ್ ಅನ್ನುವುದು. ಲೈಸನ್ಸಿನ ನಂಬರ್ ಕೂಡ ಒಂದೇ ಅಲ್ಲ ಮಾರಾಯ್ರೆ. 2011ರ ಏಪ್ರಿಲ್ 8ಕ್ಕಿಂತ ಮೊದಲು ಹಾಕಿದ್ದಕ್ಕೆ 2.5, ಅಲ್ಲಿಂದ 2018ರ ಮೇ 2ರ ಮೊದಲಿನದಕ್ಕೆ 3.0, ಆಮೇಲಿನದಕ್ಕೆ 4.0. ಉತ್ತರದ ಕೆಳಗಿನ ‘ಶೇರ್’ ಒತ್ತಿದರೆ ತೋರಿಸುತ್ತದೆ. ಇದಿಷ್ಟು ಮಾಡದಿದ್ದರೆ ಆ ಕೋಡನ್ನು ಹಂಚುವ ಅನುಮತಿಯೇ ಹೋಯಿತು. ಇಷ್ಟು ಗಟ್ಟಿ ಷರತ್ತಿಗೆ ‘ಕೃಪೆ’ ಅಂದರೆ ಮದುವೆ ಕಾಗದದಲ್ಲಿ ‘ತಮ್ಮ ಆಗಮನಾಭಿಲಾಷಿಗಳು’ ಅಂದ ಹಾಗೆ ಕೇಳುತ್ತದೆ.

ಇಲ್ಲಿ ನಮ್ಮ ಪಕ್ಕದ ಮಲಯಾಳದವರು ಫೋಟೋದ ಕೆಳಗೆ ‘ಕಡಪ್ಪಾಡ್’ ಅಂತ ಹಾಕುತ್ತಾರೆ. ಕಡಂ ಅಂದರೆ ಸಾಲ, ನಮ್ಮ ‘ಕೈಗಡ’ದ ಕಡವೇ. ಕುಂಬಳೆ ಪೇಟೆಯಲ್ಲಿ ದಿನಾ ಕಣ್ಣಿಗೆ ಬೀಳುವ ಪದ ಇದು, ನನಗೆ ಅದರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು. ಕೃಪೆಗಿಂತ ಜಾಸ್ತಿ ತೂಕ ಉಂಟು ಅದಕ್ಕೆ. ಕನ್ನಡದಲ್ಲಿ ‘ಋಣ’ ಅಂತ ಹಾಕಬಹುದು ಅನಿಸಿತು. ಆದರೆ ಋಣ ಅಂದ ಕೂಡಲೇ ಅಪ್ಪ ಅಮ್ಮ, ಏಳು ಜನ್ಮ ಎಲ್ಲ ಬಂದುಬಿಡುತ್ತದೆ. ‘ಎರವಲು’ ಅಂದರೆ ವಾಪಸು ಕೊಡಬೇಕು. ಕೋಡನ್ನು ಯಾರೂ ವಾಪಸು ಕೇಳುವುದಿಲ್ಲ.

ಆಗ ನೆನಪಾದದ್ದು ‘ಅಂಕಿತ’. ಕೂಡಲಸಂಗಮದೇವ ಅಂತ ಕಂಡರೆ ಬಸವಣ್ಣ, ಪುರಂದರವಿಠಲ ಅಂದರೆ ಪುರಂದರದಾಸರು. ಅದು ಅವರ ಹೆಸರೇ ಆಗಬೇಕಾಗಿಲ್ಲ, ಆದರೂ ಯಾರದ್ದು ಅಂತ ಗೊತ್ತಾಗುತ್ತದೆ. ಸ್ಟಾಕ್ ಓವರ್‌ಫ್ಲೋದಲ್ಲೂ ಎಷ್ಟೋ ಜನ ಇಟ್ಟುಕೊಳ್ಳುವುದು ಇಂಥದ್ದೇ ಅಡ್ಡಹೆಸರು, ಮತ್ತು ಲೈಸನ್ಸು ಅದನ್ನು ಒಪ್ಪುತ್ತದೆ: ಬರೆದವರು ಯಾವ ಹೆಸರು ಇಟ್ಟುಕೊಂಡಿದ್ದಾರೋ ಅದನ್ನೇ ಹಾಕಿದರೆ ಆಯಿತು. ಹಾಗೆ ನೋಡಿದರೆ ನಮ್ಮ 1957ರ ಕಾಪಿರೈಟ್ ಕಾಯಿದೆ ಕೂಡ ಕಂಪ್ಯೂಟರ್ ಪ್ರೋಗ್ರಾಮನ್ನು ಸೇರಿಸಿರುವುದು ಸಾಹಿತ್ಯ ಕೃತಿಗಳ ಸಾಲಿಗೇ. ಹೆಸರು ಸರಿಯಾಗಿ ಅಂಟಿಕೊಂಡು ಬರದಿದ್ದರೆ ಏನಾಗುತ್ತದೆ ಅಂತ ಕುಂಬಳೆಯವರಿಗೆ ಹೇಳಬೇಕಾ? ರಾಮಾಯಣದ ಯಕ್ಷಗಾನ ಪ್ರಸಂಗಗಳು ಕುಂಬಳೆಯ ಕವಿ ಪಾರ್ತಿಸುಬ್ಬನದ್ದೇ ಹೌದೋ ಅಲ್ಲವೋ ಅಂತ ದೊಡ್ಡ ದೊಡ್ಡ ವಿದ್ವಾಂಸರೇ ವಾದ ಮಾಡಿದ್ದಾರೆ.

ಆದರೆ ಇಲ್ಲೊಂದು ತೊಡಕು. ಅಂಕಿತ ಹಾಕುವುದು ಬರೆದವರೇ. ಆಟ್ರಿಬ್ಯೂಷನ್ ಹಾಕುವುದು ತಂದುಕೊಂಡವರು. ಇದನ್ನೇ ತಿರುವಿ ಹಾಕುತ್ತಾ ಇದ್ದಾಗ ಗೊತ್ತಾಯಿತು, ಇಂಗ್ಲಿಷಿನಲ್ಲಿ ನಾವು ಒಂದೇ ಅಂದುಕೊಂಡದ್ದು ಎರಡು ಕೆಲಸ. ಎಂಐಟಿ ಅನ್ನುವ ಇನ್ನೊಂದು ಲೈಸನ್ಸಿನ ಕೋಡ್ ಇದ್ದರೆ, ಅದರ ಜೊತೆ ಬಂದ ಕಾಪಿರೈಟ್ ಸಾಲು ಮತ್ತು ಅನುಮತಿಯ ಒಕ್ಕಣೆಯನ್ನು ಕಿತ್ತು ಹಾಕದೆ ಹಾಗೆಯೇ ಉಳಿಸಬೇಕು. ಅದಕ್ಕೆ ‘ಅಂಕಿತ ಉಳಿಸುವುದು’ ಅಂದರೆ ಚೆಂದ ಒಪ್ಪುತ್ತದೆ. ಸ್ಟಾಕ್ ಓವರ್‌ಫ್ಲೋದಿಂದ ತಂದ ತುಂಡಿನೊಳಗೆ ಸಾಮಾನ್ಯವಾಗಿ ಹೆಸರೇ ಇರುವುದಿಲ್ಲ, ಅದು ಪುಟದಲ್ಲಿ ಪಕ್ಕಕ್ಕೆ ಇರುತ್ತದೆ, ನಾವೇ ನೋಡಿ ಬರೆಯಬೇಕು. ಅದಕ್ಕೆ ‘ಕರ್ತೃನಮೂದು’ ಅಂತ ಬರೆದು ನೋಡಿದೆ. ಪಂಚಾಯತ್ ಆಫೀಸಿನ ವಾಸನೆ ಬಂತು. ಮಕ್ಕಳು ಹೇಳುವುದು ‘ಹೆಸರು ಹಾಕುವುದು’, ಅಷ್ಟೇ. ಅದೇ ಸಾಕಾ?

ಲೈಸನ್ಸ್ ಪದದ ಕಥೆ ಇನ್ನೂ ತಮಾಷೆ. ‘ಪರವಾನಗಿ’ ಅಂತ ಬೋರ್ಡಿನಲ್ಲಿ ಬರೆದದ್ದೇ ಒಬ್ಬ ಹುಡುಗ ಕೇಳಿದ, "ಎಲ್ಲಿ ಹೋಗಿ ಮಾಡಿಸಬೇಕು ಅಣ್ಣ, ಫೀಸ್ ಎಷ್ಟು?" ಅವನಿಗೆ ಗೊತ್ತಿರುವುದು ಅಂಗಡಿ ಲೈಸನ್ಸು, ಬೈಕ್ ಲೈಸನ್ಸು. ಇಲ್ಲಿ ಹಾಗೆ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ, ಬರೆದವರು ಎಲ್ಲರಿಗೂ ಮೊದಲೇ ಕೊಟ್ಟು ಬಿಟ್ಟಿರುವ ಅನುಮತಿ ಅದು, ಜೊತೆಗೆ ಕೆಲವು ಕರಾರು. ನಾನು ‘ಬಳಕೆಯ ಕರಾರು’ ಅನ್ನುತ್ತಿದ್ದೇನೆ. ಇದಕ್ಕೆ ಆಕ್ಷೇಪ ಇದ್ದರೆ ಹೇಳಿ, ನನಗೆ ಹಟ ಇಲ್ಲ.

ಹಟ ಇರುವುದು ಶೇರ್ ಅಲೈಕ್ ವಿಷಯದಲ್ಲಿ. ಅದನ್ನು ದಯವಿಟ್ಟು ‘ಸಮಾನ ಹಂಚಿಕೆ’ ಅನ್ನಬೇಡಿ. ತೋಟ ಪಾಲು ಮಾಡಿದ ಹಾಗೆ ಕೇಳುತ್ತದೆ. ವಿಷಯ ಇಷ್ಟೇ, ತಿದ್ದಿ ಸೇರಿಸಿದ್ದನ್ನು ನೀವು ಹೊರಗೆ ಹಂಚುವುದಾದರೆ ಅದೇ ಕರಾರಿನಲ್ಲಿ ಹಂಚಬೇಕು. ಮನೆಯಲ್ಲೇ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಬೈ-ಎಸ್ಎ 4.0ರಲ್ಲಿ ಇರುವುದನ್ನು ಜಿಪಿಎಲ್ 3 ಅನ್ನುವ ಬೇರೊಂದು ಸಾಫ್ಟ್‌ವೇರ್ ಲೈಸನ್ಸಿಗೆ ದಾಟಿಸಬಹುದು ಅಂತ 2015ರಲ್ಲಿ ಆಗಿದೆ, ಈಚೆಯಿಂದ ಆಚೆಗೆ ಮಾತ್ರ, ವಾಪಸು ಬರುವ ಹಾಗಿಲ್ಲ. ‘ಅದೇ ಕರಾರಿನ ಹಂಚಿಕೆ’ ಅಂದರೆ ಉದ್ದವಾಯಿತು ಅಲ್ವಾ? ‘ಒಕ್ಕರಾರು’ ಅಂತ ಕಟ್ಟಿ ನೋಡಿದೆ. ಹೆಂಡತಿ ನಕ್ಕಳು.

ಹುಡುಗಿ ಸದ್ಯಕ್ಕೆ ಕೃಪೆ ಅಳಿಸಿ ಹೀಗೆ ಬರೆದಿದ್ದಾಳೆ: ‘ಈ 20 ಸಾಲು ಬರೆದವರು’ ಅಂತ ಆ ಅಡ್ಡಹೆಸರು, ಕೊಂಡಿ, ‘ಕರಾರು: ಸಿಸಿ ಬೈ-ಎಸ್ಎ 4.0’, ಕೊನೆಗೆ ‘ನಾನು ತಿದ್ದಿದ್ದು: ಅರ್ಕಾವತ್ತು ಸೇರಿಸಿದೆ’. ವಾಚನಾಲಯದ ವಾರ್ಷಿಕೋತ್ಸವಕ್ಕೆ ಪ್ರೋಗ್ರಾಂ ಎಲ್ಲರಿಗೂ ಹಂಚುವುದುಂಟು, ಅದರ ಜೊತೆ ಒಂದು ಪುಟದ ವಿವರಣೆ ಕನ್ನಡದಲ್ಲಿ ಹಾಕಬೇಕು. ಅಷ್ಟರೊಳಗೆ ಅಂಕಿತ, ಹೆಸರು ಹಾಕುವುದು, ಒಕ್ಕರಾರು ಈ ಮೂರರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ ಅಂತ ಬಲ್ಲವರು ತಿಳಿಸಿ.