ಕ್ಯಾಮೆರಾದಲ್ಲಿ ಹರಳು ಕಾಣುತ್ತೆ, ಐಆರ್‌ನಲ್ಲಿ ಸಾಂದ್ರತೆ ಇಳಿಯಲ್ಲ. ಯಾವುದನ್ನು ನಂಬೋದು?

ಪ್ರಶ್ನೆ: 400 ಮಿ.ಲೀ. ನೀರಿನಲ್ಲಿ 130 ಗ್ರಾಂ ಗ್ಲೈಸಿನ್ನನ್ನು (ಒಂದು ಅಮೈನೋ ಆಮ್ಲ) 55 ಡಿಗ್ರಿಯಲ್ಲಿ ಕರಗಿಸಿ, ನಿಮಿಷಕ್ಕೆ 0.3 ಡಿಗ್ರಿಯಂತೆ 20ಕ್ಕೆ ತಣಿಸುತ್ತಿದ್ದೇವೆ. ಜಾಕೆಟ್ (ಉಷ್ಣತೆ ಹಿಡಿದಿಡುವ ದ್ರವ ಹರಿಯುವ ಹೊರಪದರ) ಇರುವ ಗಾಜಿನ ರಿಯಾಕ್ಟರ್, ಹೊರಗಡೆ ಕ್ಯಾಮೆರಾ, ಒಳಗೆ ಎಟಿಆರ್-ಐಆರ್ ಪ್ರೋಬ್ (ಅತಿಗೆಂಪು ಬೆಳಕಿನಿಂದ ಸಾಂದ್ರತೆ ಅಳೆಯುವ ಕಡ್ಡಿ). ಹರಳು ಕಂಡು ಎಷ್ಟೋ ಹೊತ್ತಾದರೂ ಸಾಂದ್ರತೆ ಇಳಿಯುವುದಿಲ್ಲ. ಕೆಲವು ಸಲ ಮೇಲಕ್ಕೇ ಜಿಗಿಯುತ್ತದೆ. ಬಂದದ್ದು ಆಲ್ಫಾನೋ ಗಾಮಾನೋ (ಗ್ಲೈಸಿನ್ನಿನ ಎರಡು ಹರಳು ರೂಪಗಳು) ಅಂತ ತಿಳಿಯೋದು ಹೇಗೆ?

ಉತ್ತರ: ಹರಳು ಕಂಡರೂ ಸಾಂದ್ರತೆ ಇಳಿಯದಿರುವುದು ದೋಷವೇ ಅಲ್ಲ, ಲೆಕ್ಕ ಹಾಕಿ ನೋಡಿ. 20 ಮೈಕ್ರಾನ್ ಅಗಲದ ಹರಳು ಹತ್ತು ಲಕ್ಷ ಹುಟ್ಟಿದರೂ ಒಟ್ಟು ತೂಕ ಸುಮಾರು 0.013 ಗ್ರಾಂ. 130 ಗ್ರಾಂನಲ್ಲಿ ಅಷ್ಟು ಕಡಿಮೆಯಾದದ್ದು ಯಾವ ಪ್ರೋಬಿಗೂ ಗೊತ್ತಾಗದು. ಅವೇ ಹರಳು 200 ಮೈಕ್ರಾನ್‌ಗೆ ಬೆಳೆದರೆ ಸಾವಿರ ಪಟ್ಟು, ಅಂದರೆ 13 ಗ್ರಾಂ. ಹುಟ್ಟಿದ ಗಳಿಗೆಗೆ ಕ್ಯಾಮೆರಾವನ್ನು ನಂಬಿ, ಎಷ್ಟು ಹೊರಬಂತು ಅನ್ನೋದಕ್ಕೆ ಐಆರನ್ನು ನಂಬಿ. ನಿಮ್ಮ ದ್ರಾವಣ 38-39 ಡಿಗ್ರಿಯ ಹತ್ತಿರ ಪರ್ಯಾಪ್ತವಾಗುತ್ತದೆ, ಅಂದರೆ ಇನ್ನು ಹೆಚ್ಚು ಕರಗಿಸಿಕೊಳ್ಳಲಾರದು. ಅದಕ್ಕಿಂತ ಮೇಲೆ ಹರಳು ಕಂಡರೆ ಗುಳ್ಳೆಯೋ ಕರಗದೆ ಉಳಿದ ಚೂರೋ ಇರಬೇಕು.

ಉತ್ತರ: ಮೇಲಕ್ಕೆ ಜಿಗಿಯುವುದು ಮಾತ್ರ ದೋಷವೇ. ಎಟಿಆರ್ ಬೆಳಕು ವಜ್ರದ ತುದಿಯಿಂದ ದ್ರಾವಣದೊಳಕ್ಕೆ ಒಂದೆರಡು ಮೈಕ್ರಾನ್ ಅಷ್ಟೇ ಹೋಗುತ್ತದೆ. ತುದಿಗೆ ಹರಳು ಕಚ್ಚಿಕೊಂಡರೆ ನೀವು ನೋಡುತ್ತಿರುವುದು ಘನದ ಸ್ಪೆಕ್ಟ್ರಂ (ಯಾವ ಬೆಳಕನ್ನು ಎಷ್ಟು ಹೀರಿತು ಎಂಬ ನಕ್ಷೆ). ಪೀಕ್ ಜಾಗ ಬದಲಿಸುತ್ತದೆ, ಚೂಪಾಗುತ್ತದೆ. ಪ್ರೋಬಿನ ಲೋಹದ ಮೈ ಹೊರಗಿನ ಗಾಳಿಗೆ ಶಾಖ ಬಿಡುತ್ತದೆ, ಹಾಗಾಗಿ ದ್ರಾವಣಕ್ಕಿಂತ ಸ್ವಲ್ಪ ತಣ್ಣಗಿರುವ ಅದರ ಮೇಲೇ ಹರಳು ಮೊದಲು ಕೂರುತ್ತದೆ. ಹೊರಗಿರುವ ಭಾಗಕ್ಕೆ ಫೋಮ್ ಸುತ್ತಿ. ತುದಿಯನ್ನು ಸ್ಟಿರರ್ ಬ್ಲೇಡಿನ ಹತ್ತಿರ, ಹರಿವು ನೇರ ಬಡಿಯುವಂತೆ ಓರೆಯಾಗಿ ಇಡಿ. ಅನುಮಾನ ಬಂದರೆ 5 ಮಿ.ಲೀ. ದ್ರಾವಣವನ್ನು ಅದೇ ಉಷ್ಣತೆಗೆ ಬೆಚ್ಚಗಿಟ್ಟ ಸಿರಿಂಜ್ ಫಿಲ್ಟರಿನಿಂದ ತೆಗೆದು ತೂಗಿ, ಒಣಗಿಸಿ, ಮತ್ತೆ ತೂಗಿ. ತಣ್ಣನೆಯ ಫಿಲ್ಟರ್ ಬಳಸಿದರೆ ಹರಳು ಅದರೊಳಗೇ ಉಳಿದು ಲೆಕ್ಕ ಕೆಡುತ್ತದೆ.

ಕ್ಯಾಲಿಬ್ರೇಷನ್‌ಗೆ (ಪೀಕಿನಿಂದ ಸಾಂದ್ರತೆ ಲೆಕ್ಕ ಹಾಕುವ ಮಾಡೆಲ್ ಕಟ್ಟಲು) 1412 ಮತ್ತು 1332ರ ಪೀಕ್ ತಗೊಳ್ಳಿ (ಅಂಕಿಗಳು ಸೆಂ.ಮೀ.⁻¹ನಲ್ಲಿ). 1600ರ ಸುತ್ತಿನದು ನೀರಿನ 1640ರ ಜೊತೆ ಬೆರೆತುಹೋಗುತ್ತದೆ. ಐದು ಸಾಂದ್ರತೆ ಸಾಕು, ಆದರೆ ಪ್ರತಿಯೊಂದನ್ನೂ ಪರ್ಯಾಪ್ತ ಬಿಂದುವಿನ ಕೆಳಗೂ, ಹರಳು ಹುಟ್ಟುವ ತನಕ ತಣಿಸುತ್ತಾ ಅಳೆಯಿರಿ. ಅತಿಪರ್ಯಾಪ್ತ ಭಾಗವೇ ನಿಮಗೆ ಬೇಕಿರುವುದು, ಬಹಳ ಜನ ಅದನ್ನೇ ಬಿಡುತ್ತಾರೆ. ಉಷ್ಣತೆಯನ್ನೂ ಮಾಡೆಲ್‌ಗೆ ಸೇರಿಸಿ.

ಉತ್ತರ: ಕ್ಯಾಮೆರಾವನ್ನು ನಂಬಿ ಅಂತ ಮೇಲೆ ಹೇಳಿದ್ದಾರೆ, ಅದಕ್ಕೆ ಒಂದು ಷರತ್ತು. ದ್ರಾವಣ ಸೆಕೆಂಡಿಗೆ 1 ಮೀಟರ್ ಓಡುತ್ತಿದ್ದರೆ 1 ಮಿಲಿಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ಹರಳು 1 ಮಿ.ಮೀ. ಸರಿದಿರುತ್ತದೆ, ಚಿತ್ರ ಬರೀ ಗೆರೆ. 10 ಮೈಕ್ರೋಸೆಕೆಂಡ್ ಎಲ್‌ಇಡಿ ಫ್ಲಾಶ್ ಹಿಂದಿನಿಂದ ಕೊಟ್ಟರೆ ಸರಿಯುವುದು 10 ಮೈಕ್ರಾನ್ ಮಾತ್ರ. ಗುಳ್ಳೆ ಪಕ್ಕಾ ಗುಂಡಗೆ, ಅಂಚು ಕಪ್ಪು, ನಡುವೆ ಬೆಳಕಿನ ಚುಕ್ಕೆ. ಸಾಫ್ಟ್‌ವೇರ್ ಅದನ್ನೂ ಹರಳೆಂದು ಎಣಿಸುತ್ತದೆ, ದುಂಡಗಿನ ಆಕಾರಕ್ಕೆ ಫಿಲ್ಟರ್ ಹಾಕಿ. ಹರಳು ಒಂದರ ಮೇಲೊಂದು ಕಾಣತೊಡಗಿದ ಮೇಲೆ ಬರುವ ಗಾತ್ರದ ಅಂಕಿ ಉಪಯೋಗಕ್ಕಿಲ್ಲ. ಕರಾವಳಿಯ ಮಳೆಗಾಲದಲ್ಲಿ 20 ಡಿಗ್ರಿಗೆ ಇಳಿಯುವಾಗ ಜಾಕೆಟ್ ಹೊರಗೆ ನೀರು ಕೂರುತ್ತದೆ, ಕ್ಯಾಮೆರಾ ನೋಡುವ ಜಾಗಕ್ಕೆ ಒಣ ಗಾಳಿ ಊದುತ್ತಿರಿ.

ಉತ್ತರ: ಆಲ್ಫಾ-ಗಾಮಾ ವಿಷಯ. ಬರೀ ನೀರಿನಿಂದ ತಣಿಸಿದರೆ ಸಾಮಾನ್ಯವಾಗಿ ಬರುವುದು ಆಲ್ಫಾ. ಉಪ್ಪು, ಆಮ್ಲ ಅಥವಾ ಕ್ಷಾರ ಸೇರಿದರೆ ಗಾಮಾ ಬರಬಹುದು. ಆಕಾರ ನೋಡಿ ತೀರ್ಮಾನಿಸಬೇಡಿ. ಎಟಿಆರ್ ಪ್ರೋಬಿಗೆ ತೇಲುವ ಹರಳು ಕಾಣುವುದೇ ಇಲ್ಲ, ಅದಕ್ಕೆ ರಾಮನ್ ಪ್ರೋಬ್ (ಲೇಸರ್ ಬೆಳಕು ಚದುರುವುದನ್ನು ಅಳೆಯುವುದು) ಬೇಕು. ರಿಯಾಕ್ಟರಿಗೆ ಕಪ್ಪು ಬಟ್ಟೆ ಹೊದಿಸಿ, ಇಲ್ಲದಿದ್ದರೆ ಟ್ಯೂಬ್‌ಲೈಟಿನ ಗೆರೆಗಳೂ ಸ್ಪೆಕ್ಟ್ರಂನಲ್ಲಿ ಕೂರುತ್ತವೆ. ಹರಳಿನ ಗಾತ್ರ ಬದಲಾದರೂ ಪೀಕಿನ ಎತ್ತರ ಬದಲಾಗುತ್ತದೆ, ಹಾಗಾಗಿ ಎರಡು ಪೀಕುಗಳ ಅನುಪಾತ ನೋಡಿ. ರಾಮನ್ ಇಲ್ಲವೇ? ಸ್ವಲ್ಪ ಸೋಸಿ, ಒಣಗಿಸಿ, ಮೇಜಿನ ಐಆರ್‌ನಲ್ಲಿಡಿ: 910ರ ಹತ್ತಿರ ಪೀಕ್ ಇದ್ದರೆ ಆಲ್ಫಾ, 930ರ ಹತ್ತಿರ ಇದ್ದರೆ ಗಾಮಾ. ಎರಡೂ ಕಂಡರೆ ಮಿಶ್ರಣ, ಆಗ ಪೌಡರ್ ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಮಾಡಿಸಲೇಬೇಕು.